ಗಂಟೆ ನಿಂತರೆ ಓಡುವ ಆರ್ಲಿಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಹ್ಟಿ ಕ್ರೀಕ್ ಎಂಬ ಹಳ್ಳದ ಪಕ್ಕದ ಕಾಡುರಸ್ತೆ ಮುಗಿಯುವಲ್ಲಿ ಒಂದು ಜಲ್ಲಿಕಲ್ಲಿನ ಬಯಲಿದೆ. ಅಲ್ಲಿ ಎರಡು ಪಿಕಪ್ ಗಾಡಿಗಳು ನಿಂತಿವೆ. ರಾತ್ರಿ ಬಿದ್ದ ಮಂಜು ಹುಲ್ಲಿನ ಮೇಲೆ ಬೆಳ್ಳಗೆ ಗಟ್ಟಿಯಾಗಿದೆ. ಒಂದು ಗಾಡಿಯ ಹಿಂಬಾಗಿಲ ಹತ್ತಿರ ಎತ್ತರದ, ಬಡಕಲು ಮೈಯ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು, ಪ್ರಾಣಿಯ ಕುತ್ತಿಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕತ್ತರಿಬೋನಿನ ಜೊತೆ ಗುದ್ದಾಡುತ್ತಿದ್ದಾರೆ. ಬೋನು ಕಚ್ಚಿ ಹಿಡಿದಿರುವುದು ಹಳೇ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಹೊಲಿದ ಮೂಟೆಯನ್ನು. ಅವರು ಸೊಂಟದಿಂದ ಹಗ್ಗ ಬಿಚ್ಚಿ, ಬೋನಿನ ಒಂದು ಪಕ್ಕದ ಸ್ಪ್ರಿಂಗಿನ ಎರಡು ಬಳೆಗಳೊಳಗೆ ಅದನ್ನು ತೂರಿಸಿ, ತುದಿಯ ಕುಣಿಕೆಯನ್ನು ಬೂಟುಗಾಲಲ್ಲಿ ತುಳಿದು, ಇನ್ನೊಂದು ತುದಿಯನ್ನು ಮೇಲಕ್ಕೆ ಎಳೆಯುತ್ತಾರೆ. ಬಳೆಗಳೆರಡೂ ಹತ್ತಿರ ಬರುತ್ತವೆ. ಬೆರಳಲ್ಲೇ ತಡಕಿ ಕೊಕ್ಕೆ ಸಿಕ್ಕಿಸುತ್ತಾರೆ. ಇನ್ನೊಂದು ಪಕ್ಕಕ್ಕೂ ಅದೇ ಉಪಚಾರ. ಮರಳಿನ ಮೂಟೆ ಧೊಪ್ಪನೆ ಕೆಳಗೆ ಬೀಳುತ್ತದೆ. ಆಗ ಕಣ್ಣು ಬಿಡುತ್ತಾರೆ.

ಇವರು ಆರ್ಲಿಸ್ ನಿಸ್ಕಲ. ನಮ್ಮೂರಲ್ಲಿ ಬೇಟೆನಾಯಿಗಳನ್ನು ನೋಡಿಕೊಳ್ಳುವವರು. ಬೇಸಿಗೆಯಲ್ಲಿ ಪಟ್ಟಣದವರ ನಾಯಿಗಳನ್ನು ತಮ್ಮ ಹಿತ್ತಲಲ್ಲಿಟ್ಟುಕೊಂಡು ಪಳಗಿಸುತ್ತಾರೆ. ಅಕ್ಟೋಬರಿನಲ್ಲಿ ಅವೇ ನಾಯಿಗಳ ಜೊತೆ, ಅವುಗಳ ಯಜಮಾನರ ಜೊತೆ, ಕಾಡುಕೋಳಿ ಬೇಟೆಗೆ ದಾರಿ ತೋರಿಸುತ್ತಾ ನಡೆಯುತ್ತಾರೆ. ಇವರ ಬಗ್ಗೆ ನಮ್ಮೂರ ಪೇಪರಿಗೆ ಬರೆಯಲು ನಾನೂ ಇವತ್ತು ಜೊತೆಗೆ ಬಂದಿದ್ದೇನೆ.

"ಏನೇ ಆರ್ಲಿಸ್, ಬೆಳಗಿನ ಪ್ರಾರ್ಥನೆ ಮುಗೀತಾ?" ಪಕ್ಕದ ಗಾಡಿಯಿಂದ ಇಳಿಯುತ್ತಾ ಕೇಳುವವರು ಲೋರೆನ್ ಬಾಕೆದಾಲ್. ಡುಲೂತ್ ಪಟ್ಟಣದಲ್ಲಿ ಮನೆಗಳಿಗೆ ನೆಲದ ಜಮಖಾನ ಹಾಸುತ್ತಾ ಮಂಡಿ ಸವೆಸಿಕೊಂಡ ಮನುಷ್ಯ. ಆರ್ಲಿಸ್‌ರ ಹಳೇ ಗಿರಾಕಿ, ಹಳೇ ಗೆಳೆಯ, ಹಳೇ ಜಗಳಗಂಟ.

"ಮುಗೀತು. ಈಗ ನಿನ್ನ ಸರದಿ, ಬಾ."

"ನಂಗ್ಯಾಕೆ? ನೀನಿದೀಯಲ್ಲ."

"ನಾನು ಕಾಲು ಮುರ್ಕೊಂಡು ಬಿದ್ರೆ?"

"ನಿನ್ನ ಕಾಲು ಮುರಿಯೋ ಮರ ಈ ಕಾಡಲ್ಲಿ ಇನ್ನೂ ಹುಟ್ಟಿಲ್ಲ ಬಿಡು."

ಆದರೆ ಆರ್ಲಿಸ್ ಬಿಡುವವರಲ್ಲ. ಬೋನನ್ನು ಮತ್ತೆ ಮೂಟೆಗೆ ಕಚ್ಚಿಸಿ ಮುಂದೆ ಹಿಡಿಯುತ್ತಾರೆ. ಲೋರೆನ್ ನಗುತ್ತಾ ಕಬ್ಬಿಣದ ಸರಳುಗಳ ನಡುವೆ ಬೆರಳು ತೂರಿಸಿ ಅಗಲಿಸಲು ನೋಡುತ್ತಾರೆ. ಮುಖ ಕೆಂಪಾಗುತ್ತದೆ. ಸರಳು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ.

"ಬಾಯಿ ಬಿಡು, ಕಿವಿ ಹಿಡಿ ಅಂತ ಎಷ್ಟು ಸಲ ಹೇಳಿದೀನಿ?" ಎನ್ನುತ್ತಾರೆ ಆರ್ಲಿಸ್. ಸರಳುಗಳನ್ನು ಅವರು ಬಾಯಿ ಎನ್ನುತ್ತಾರೆ, ಎರಡು ಪಕ್ಕದ ಸ್ಪ್ರಿಂಗುಗಳನ್ನು ಕಿವಿ ಎನ್ನುತ್ತಾರೆ. ಬಾಯನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ, ಕಿವಿ ಹಿಂಡಿದರೆ ಮಾತ್ರ ಬಾಯಿ ಬಿಡುತ್ತದೆ. ಲೋರೆನ್ ಹಗ್ಗ ಹಾಕಿ ಹೇಗೋ ಬಿಡಿಸಿ, "ಪಾಸಾದೆನಾ ಟೀಚರ್?" ಎಂದು ಸೆಲ್ಯೂಟ್ ಹೊಡೆಯುತ್ತಾರೆ. ಆರ್ಲಿಸ್ ನಗುವುದಿಲ್ಲ.

ಗಾಡಿಯೊಳಗಿನ ಪಂಜರದಲ್ಲಿ ಡಾಟಿ ಕುಣಿಯುತ್ತಿದೆ. ಬಿಳಿ ಮೈ ತುಂಬಾ ಕರಿ ಚುಕ್ಕೆಗಳಿರುವ ಸೆಟ್ಟರ್ ಜಾತಿಯ ಹೆಣ್ಣುನಾಯಿ, ಲೋರೆನ್‌ರದು. "ಮನೇಲಿ ನಾನು, ಅವಳು, ಇಬ್ಬರೇ. ಅವಳಿಲ್ದಿದ್ರೆ ನಾನು ಟಿವಿ ಜೊತೆ ಮಾತಾಡ್ತಾ ಕೂರಬೇಕಾಗಿತ್ತು. ಟಿವಿ ನನ್ನ ಮಾತು ಕೇಳಲ್ಲ," ಎಂದು ನನಗೆ ಹೇಳುತ್ತಾರೆ. ಆಮೇಲೆ ಕೊಂಚ ನಾಚಿಕೊಂಡು ನಾಯಿಯ ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟುತ್ತಾರೆ.

ಈ ಗಂಟೆಯ ವಿಷಯ ಹೇಳಲೇಬೇಕು. ಆರ್ಲಿಸ್‌ರ ಭಯವೆಲ್ಲ ಇರುವುದು ಅದರಲ್ಲೇ. ಎಳೇ ಆಸ್ಪೆನ್ ಮರಗಳ ದಟ್ಟ ತೋಪಿನೊಳಗೆ ನಾಯಿ ನುಗ್ಗಿತೆಂದರೆ ಕಣ್ಣಿಗೆ ಕಾಣದು, ಗಂಟೆಯ ಸದ್ದು ಮಾತ್ರ ಅಲ್ಲಿ ಇಲ್ಲಿ ಓಡಾಡುತ್ತದೆ. ಹಕ್ಕಿಯ ವಾಸನೆ ಸಿಕ್ಕಿದ ಕೂಡಲೇ ನಾಯಿ ಮೂಗು ಚಾಚಿ ನಿಂತುಬಿಡುತ್ತದೆ, ಗಂಟೆಯೂ ನಿಲ್ಲುತ್ತದೆ. ಆ ಮೌನಕ್ಕಾಗಿಯೇ ನಮ್ಮ ಬೇಟೆಗಾರರು ವರ್ಷವಿಡೀ ಕಾಯುತ್ತಾರೆ. ಆಗ ಯಾರೂ ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಒಣಕಡ್ಡಿ ತುಳಿಯುವಂತಿಲ್ಲ. ಬೆಕ್ಕಿನ ಹೆಜ್ಜೆಯಿಟ್ಟು ನಾಯಿಯ ಹತ್ತಿರ ಹೋಗಬೇಕು. ತಾತ ಅಪ್ಪನಿಗೆ ಕಲಿಸಿದ್ದು ಇದನ್ನೇ, ಅಪ್ಪ ಮಗನಿಗೆ ಕಲಿಸಿದ್ದೂ ಇದನ್ನೇ.

ಬೋನಿಗೆ ಸಿಕ್ಕಿದಾಗಲೂ ಗಂಟೆ ನಿಲ್ಲುತ್ತದೆ. ಸರಳು ಕುತ್ತಿಗೆಗೆ ಬಡಿದರೆ ಗಂಟೆ ಅದರಡಿಯೇ ಸಿಕ್ಕಿಕೊಳ್ಳುತ್ತದೆ. ಕೂಗೋಣವೆಂದರೆ ನಾಯಿಯ ಗಂಟಲೇ ಬಿಗಿದಿರುತ್ತದೆ. ಯಜಮಾನ ಮಾತ್ರ ಹಕ್ಕಿ ಸಿಕ್ಕಿತೆಂಬ ಖುಷಿಯಲ್ಲಿ, ಉಸಿರು ಬಿಗಿಹಿಡಿದು, ಮೆಲ್ಲಗೆ, ಬಲು ಮೆಲ್ಲಗೆ ನಡೆದು ಬರುತ್ತಿರುತ್ತಾನೆ. ಈಗ ಉಪಗ್ರಹದಿಂದ ನಾಯಿಯ ಜಾಗ ತೋರಿಸುವ ಕೊರಳಪಟ್ಟಿಗಳೂ ಬಂದಿವೆ. ನಾಯಿ ನಿಂತಿದೆ ಎಂದು ಅವು ಹೇಳುತ್ತವೆ, ಯಾಕೆ ನಿಂತಿದೆ ಎಂದು ಹೇಳುವುದಿಲ್ಲ.

"ಆ ಮೆಲ್ಲಗೆ ನಡೆಯೋದಿದೆಯಲ್ಲ, ಅದೇ ನಾಯಿಗಳನ್ನ ಕೊಲ್ಲೋದು," ಎನ್ನುತ್ತಾರೆ ಆರ್ಲಿಸ್. "ಒಂದು ಹಾಡು ಮುಗಿಯೋದ್ರೊಳಗೆ ಎಲ್ಲಾ ಮುಗಿದುಹೋಗುತ್ತೆ."

ಇದನ್ನು ಅವರು ಕಣ್ಣಾರೆ ಕಂಡವರು. ಗಂಡ ರಾಯ್‌ಗೆ ಬದುಕಿದ್ದಷ್ಟು ದಿನವೂ, ಚರ್ಮಕ್ಕಾಗಿ ರಕೂನ್ ಎಂಬ ಸಣ್ಣ ಕಾಡುಪ್ರಾಣಿಗಳಿಗೆ ಬೋನಿಡುವುದೇ ಕಸುಬು. ಒಂದು ಮಧ್ಯಾಹ್ನ ಗಂಡನ ಊಟ ಹೊತ್ತು ಹೋಗುತ್ತಿದ್ದಾಗ ಕಾಡಿನೊಳಗಿಂದ ಗಂಡಸೊಬ್ಬ ಅರಚುವುದು ಕೇಳಿಸಿತು. ಹೋಗಿ ನೋಡಿದರೆ ಗುರುತಿಲ್ಲದ ಬೇಟೆಗಾರ, ಎರಡೂ ಅಂಗೈ ಹರಿದು ರಕ್ತ, ತೊಡೆಯ ಮೇಲೆ ಸತ್ತ ನಾಯಿ. ಬೋನು ಇನ್ನೂ ಅದರ ಕುತ್ತಿಗೆಯಲ್ಲೇ ಇತ್ತು. "ನಾನು ಬಂದಾಗ ಇನ್ನೂ ನನ್ನನ್ನ ನೋಡ್ತಾ ಇತ್ತಮ್ಮಾ, ನಂಗೆ ತೆಗೆಯೋಕೆ ಬರಲಿಲ್ಲ," ಎಂದನಂತೆ ಆತ. ಬೋನು ರಾಯ್‌ದಲ್ಲ, ಇನ್ಯಾರದೋ. ಕಾನೂನಿನ ಪ್ರಕಾರವೇ ಇಟ್ಟದ್ದು. ಆದರೆ ಆವತ್ತು ಸಂಜೆಯೇ ಆರ್ಲಿಸ್ ಗಂಡನನ್ನು ಅಡುಗೆಮನೆಯಲ್ಲಿ ಕೂರಿಸಿ, ಹಗ್ಗದಲ್ಲಿ ಬೋನು ತೆರೆಯುವುದನ್ನು ಕಲಿತುಕೊಂಡರು.

ಹಾಗಂತ ಅವರು ಬೋನಿನವರ ಮೇಲೆ ಹರಿಹಾಯುವುದಿಲ್ಲ. "ನನ್ನ ಮನೆ ಮಾಡು ಕಟ್ಟಿದ್ದೇ ರಕೂನಿನ ಚರ್ಮದ ದುಡ್ಡು. ಬೋನಿಡೋನು ರಾಕ್ಷಸ ಅಲ್ಲ, ಬೇಟೆ ಆಡೋನು ದೇವರೂ ಅಲ್ಲ," ಎನ್ನುತ್ತಾರೆ. ಇದರಿಂದ ಆಗಿರುವುದೇನೆಂದರೆ, ಬೋನಿನವರು ಇವರನ್ನು ನಾಯಿಯವರ ಕಡೆ ಎನ್ನುತ್ತಾರೆ, ನಾಯಿಯವರು ಬೋನಿನವನ ಹೆಂಡತಿ ಎನ್ನುತ್ತಾರೆ. "ಅದಕ್ಕೇ ನೋಡು, ಚರ್ಚಲ್ಲಿ ನಂಗೆ ಇಡೀ ಬೆಂಚು ಸಿಗುತ್ತೆ," ಎಂದು ಈ ಮಾತಿಗೆ ಮಾತ್ರ ನಗುತ್ತಾರೆ.

ಆರ್ಲಿಸ್‌ರ ಹಿತ್ತಲಲ್ಲಿ ಈಗ ಹನ್ನೊಂದು ನಾಯಿಗಳಿವೆ. ಬೆಳಿಗ್ಗೆ ಎದ್ದು ಗೂಡು ತೊಳೆಯಬೇಕು, ನೀರಿನ ತಟ್ಟೆಯ ಮಂಜುಗಡ್ಡೆ ಒಡೆಯಬೇಕು, ನಾಯಿ ತಿಂಡಿಯ ಮೂಟೆ ಹೊರಬೇಕು, ಪಂಜಕ್ಕೆ ಮುಳ್ಳು ಹೊಕ್ಕಿದೆಯೇ ನೋಡಬೇಕು. ಆಮೇಲೆ ಎರಡೆರಡೇ ನಾಯಿಗಳನ್ನು ಕಾಡಿಗೆ ಕರೆದೊಯ್ದು ಓಡಿಸಬೇಕು. ದಿನಕ್ಕೆ ಹತ್ತು ಮೈಲಿಗಿಂತ ಕಡಿಮೆ ನಡೆದದ್ದಿಲ್ಲ. ಎಡ ಸೊಂಟ ಸವೆದಿದೆ, ಡಾಕ್ಟರು ಬದಲಾಯಿಸೋಣ ಎನ್ನುತ್ತಿದ್ದಾರೆ. "ಬೇಟೆ ಕಾಲ ಮುಗೀಲಿ" ಎನ್ನುವುದು ಇವರ ಉತ್ತರ. ಬೇಟೆ ಕಾಲ ಪ್ರತಿ ವರ್ಷವೂ ಬರುತ್ತದೆ.

ಊರವರು ಇವರನ್ನು ಗೇಲಿ ಮಾಡುವುದು ಇನ್ನೊಂದು ಕಾರಣಕ್ಕೆ. ಹಿಂದೆ ಬರ್ನಿ ಎಂಬ ನಾಯಿಯೊಂದು ಇವರಲ್ಲಿತ್ತು, ಮಹಾ ಹೊಟ್ಟೆಬಾಕ. ಹಕ್ಕಿಯ ಮುಂದೆ ನಿಂತಿದ್ದಾಗಲೂ ಆರ್ಲಿಸ್ ಸೀಟಿ ಊದಿದರೆ, ಜಿಂಕೆಮಾಂಸದ ಸಾಸೇಜು ಸಿಗುತ್ತದೇನೋ ಎಂದು ತಲೆ ಕೊಡವುತ್ತಿತ್ತು. ಠಣ್ ಎಂದು ಗಂಟೆ ಒಂದು ಸಲ ನುಡಿಯುತ್ತಿತ್ತು. ಹಕ್ಕಿಯ ಮುಂದೆ ಮಿಸುಕುವ ನಾಯಿಯೆಂದರೆ ನಮ್ಮವರ ಪಾಲಿಗೆ ಕೆಟ್ಟುಹೋದ ನಾಯಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆರ್ಲಿಸ್ ನಗಲಿಲ್ಲ, ಯಾಕೆಂದರೆ ಆ ಠಣ್ ಕೇಳಿದಾಗಲೆಲ್ಲ ತಮ್ಮ ಎದೆ ಹಗುರಾಗುವುದನ್ನು ಅವರು ಗಮನಿಸಿದ್ದರು. ಉತ್ತರ ಬಂತು ಅಂದರೆ ನಾಯಿ ಹಕ್ಕಿಯ ಮುಂದಿದೆ. ಉತ್ತರ ಬರಲಿಲ್ಲ ಅಂದರೆ ಓಡಬೇಕು. ಅಲ್ಲಿಂದೀಚೆಗೆ ತಮ್ಮ ಕೈಗೆ ಬಂದ ನಾಯಿಗಳಿಗೆಲ್ಲ ಬರ್ನಿಯ ಈ ಚಟವನ್ನು ಬೇಕೆಂದೇ ಕಲಿಸುತ್ತಾ ಬಂದಿದ್ದಾರೆ. ಕೆಲವು ಯಜಮಾನರು ಒಪ್ಪಿದ್ದಾರೆ, ಬಹಳ ಮಂದಿ ನಾಯಿಯನ್ನು ಬೇರೆಯವರಲ್ಲಿಗೆ ಒಯ್ದಿದ್ದಾರೆ.

ಲೋರೆನ್ ಬೇಸಿಗೆಯಲ್ಲಿ ಡಾಟಿಯನ್ನು ಬಿಟ್ಟುಹೋಗುವಾಗ ಒಂದೇ ಮಾತು ಹೇಳಿದ್ದರು. "ಸೀಟಿ ಗೀಟಿ ಅಂತ ನನ್ನ ಹುಡುಗೀನ ಕೆಡಿಸಬೇಡ ಮಾರಾಯ್ತಿ."

ಆರ್ಲಿಸ್ ಆಗಲಿ ಎಂದಿದ್ದರು.

ನಾವು ಮೂವರೂ ಕಾಡು ಹೊಕ್ಕು ಬಹಳ ಹೊತ್ತಾಗಿಲ್ಲ. ಡಾಟಿಯ ಗಂಟೆ ಎಡಗಡೆ ತಗ್ಗಿನಲ್ಲಿ ಕುಣಿಯುತ್ತಾ ಹೋಗುತ್ತಿದೆ. ಈ ಜಾಡನ್ನು ಆರ್ಲಿಸ್ ಗುರುವಾರವೇ ಪೂರ್ತಿ ನಡೆದು ನೋಡಿದ್ದಾರೆ, ಎಲ್ಲೂ ಬೋನಿರಲಿಲ್ಲ. "ಗುರುವಾರ ಇರಲಿಲ್ಲ ಅಂದ್ರೆ ಶನಿವಾರ ಇಲ್ಲ ಅಂತ ಅಲ್ಲ," ಎಂದು ತಮಗೆ ತಾವೇ ಗೊಣಗಿಕೊಳ್ಳುತ್ತಾರೆ. ಅವರ ಬಲಗೈ ಸೊಂಟದ ಹಗ್ಗದ ಮೇಲೇ ಇದೆ. ನನಗಂತೂ ಪೊದೆಯಲ್ಲಿ ಕಂಡ ಕರಿ ಬೇರೆಲ್ಲ ಕಬ್ಬಿಣದ ಹಾಗೆ ಕಾಣಲು ಶುರುವಾಗಿದೆ.

ಗಂಟೆ ನಿಲ್ಲುತ್ತದೆ.

ಲೋರೆನ್ ಬೆರಳು ತುಟಿಯ ಮೇಲಿಡುತ್ತಾರೆ. ಆರ್ಲಿಸ್ ಒಂದು ಕ್ಷಣ ಅವರನ್ನು ನೋಡಿ, ಜೇಬಿನಿಂದ ಸೀಟಿ ತೆಗೆದು ಊದಿಯೇಬಿಡುತ್ತಾರೆ. ತಗ್ಗಿನಿಂದ ಠಣ್ ಎಂದು ಉತ್ತರ ಬರುತ್ತದೆ. ಅದರ ಬೆನ್ನಿಗೇ ಭರ್ರೆಂದು ಕಾಡುಕೋಳಿ ಎದ್ದು ಮರಗಳ ನಡುವೆ ಮಾಯವಾಗುತ್ತದೆ. ಲೋರೆನ್ ಬಂದೂಕು ಎತ್ತುವುದಕ್ಕೂ ಆಗುವುದಿಲ್ಲ.

"ಕಲಿಸಿದೀಯ!" ಎಂದು ಲೋರೆನ್ ಕೂಗುತ್ತಾರೆ. "ಬೇಡ ಅಂದ್ರೂ ಕಲಿಸಿದೀಯ!"

"ಹೂಂ, ಕಲಿಸಿದೆ. ಬೈಯೋದಾದ್ರೆ ಬೈ."

"ನಾಯಿ ನಂದು ಕಣೇ, ನಿಂದಲ್ಲ! ಮೂರು ತಿಂಗಳು ನಿನ್ನ ಕೈಗೆ ಕೊಟ್ರೆ ಸರ್ಕಸ್ ನಾಯಿ ಮಾಡಿ ವಾಪಸ್ ಕೊಟ್ಟಿದೀಯಲ್ಲ!"

"ಸರ್ಕಸ್ಸಾದ್ರೂ ಬದುಕಿರುತ್ತೆ."

"ನಿಂಗೆ ಭಯದ ಕಾಯಿಲೆ ಆರ್ಲಿಸ್. ಎಲ್ಲೋ ಒಂದು ನಾಯಿ ಸತ್ತಿದ್ದಕ್ಕೆ ಊರಿನ ನಾಯಿಗಳಿಗೆಲ್ಲ ಕಾಯಿಲೆ ಹಂಚ್ತಾ ಇದೀಯ."

ಆರ್ಲಿಸ್ ಸೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಲೋರೆನ್ ಡಾಟಿಯನ್ನು ಹತ್ತಿರ ಕರೆದು, ಎರಡು ಕೈಯಲ್ಲಿ ತಲೆ ಹಿಡಿದು, ನಿಲ್ಲು ಅಂದರೆ ನಿಲ್ಲು ಎಂದು ಗದರಿ ಪಾಠ ಹೇಳುತ್ತಾರೆ. ಡಾಟಿ ಅವರ ಮೂಗು ನೆಕ್ಕುತ್ತದೆ. "ಇನ್ನೊಂದು ಸಲ ಸೀಟಿ ಊದಿದ್ರೆ ಗಾಡಿ ಹತ್ತಿ ಹೊರಟುಬಿಡ್ತೀನಿ," ಎಂದು ಆರ್ಲಿಸ್‌ಗೆ ಎಚ್ಚರಿಕೆ ಕೊಡುತ್ತಾರೆ.

ಬಿದ್ದ ಮರವೊಂದರ ಮೇಲೆ ಕೂತು ಮೂವರೂ ಕಾಫಿ ಕುಡಿಯುತ್ತೇವೆ. ಆರ್ಲಿಸ್ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡನ್ನು ಮುರಿದು ಮೊದಲ ತುಂಡು ಲೋರೆನ್‌ಗೇ ಕೊಡುತ್ತಾರೆ. ಲೋರೆನ್ ಮುಖ ಆಚೆ ತಿರುಗಿಸಿಕೊಂಡೇ ತಿನ್ನುತ್ತಾರೆ. ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ ಎಂದು ನಾನು ಮೆಲ್ಲಗೆ ಕೇಳುತ್ತೇನೆ. "ಭಯ ಆಗುತ್ತೆ, ಅದಕ್ಕೇ," ಎನ್ನುತ್ತಾರೆ ಆರ್ಲಿಸ್. "ಒಂದು ಶನಿವಾರನಾದ್ರೂ ಈ ಕಾಫಿ ಬಿಸಿ ಇದ್ದಾಗ್ಲೇ ಕುಡಿದು ಮುಗಿಸಬೇಕು ಅಂತ ನಂಗೂ ಆಸೆ. ಲೋಟ ಕೈಗೆ ತಗೊಂಡ್ರೆ ಕಿವಿ ಮಾತ್ರ ಕಾಡಲ್ಲೇ ಇರುತ್ತೆ." ಅವರ ಲೋಟದಲ್ಲಿ ಕಾಫಿ ಹಾಗೇ ಇದೆ.

ಮತ್ತೆ ನಡಿಗೆ. ಈ ಸಲ ಗಂಟೆ ಬಲಗಡೆ, ಫರ್ ಮರಗಳ ಕಪ್ಪು ಗುಂಪಿನತ್ತ ದೂರ ದೂರ ಹೋಗುತ್ತದೆ. ಒಂದೆರಡು ಸಲ ಜೋರಾಗಿ ನುಡಿದು, ನಿಲ್ಲುತ್ತದೆ.

ಲೋರೆನ್‌ರ ಮುಖ ಅರಳುತ್ತದೆ. ಆರ್ಲಿಸ್‌ರ ಕೈ ಜೇಬಿಗೆ ಹೋಗುವುದನ್ನು ನೋಡಿ ಬೇಡವೆಂದು ತಲೆಯಾಡಿಸುತ್ತಾರೆ. ಆರ್ಲಿಸ್ ಊದುತ್ತಾರೆ.

ಉತ್ತರವಿಲ್ಲ.

ನಾನು ಆರ್ಲಿಸ್‌ರ ಮುಖ ನೋಡುತ್ತೇನೆ. ಲೋರೆನ್‌ಗೆ ಮಾತ್ರ ಹಿಡಿಸಲಾರದಷ್ಟು ಹಿಗ್ಗು. "ಕೇಳಿದ್ಯಾ?" ಎಂದು ಪಿಸುಗುಡುತ್ತಾ ನಗುತ್ತಾರೆ. "ಒಂದೇ ಪಾಠಕ್ಕೆ ಸರಿಹೋದ್ಲು! ನೀನು ಎಷ್ಟು ಊದಿದ್ರೂ ಅಷ್ಟೇ ಈಗ. ನೋಡು, ಕಲ್ಲಿನ ಹಾಗೆ ನಿಂತಿದಾಳೆ ನನ್ನ ಹುಡುಗಿ."

ಆರ್ಲಿಸ್ ಇನ್ನೊಮ್ಮೆ ಊದುತ್ತಾರೆ. ಗಾಳಿಯೂ ಇಲ್ಲ, ಎಲೆಯೂ ಅಲ್ಲಾಡುತ್ತಿಲ್ಲ. ಅವರು ಮುಂದೆ ಹೆಜ್ಜೆ ಹಾಕುವಷ್ಟರಲ್ಲಿ ಲೋರೆನ್ ಅವರ ತೋಳು ಹಿಡಿದುಕೊಳ್ಳುತ್ತಾರೆ. "ಈ ಒಂದು ಸಲ. ನನಗೋಸ್ಕರ. ಮೆಲ್ಲಗೆ ಬಾ," ಎನ್ನುವಾಗ ಆ ದನಿಯಲ್ಲಿ ಸಿಟ್ಟಿಲ್ಲ, ಮಗುವಿನ ಬೇಡಿಕೆಯಿದೆ. ಆರ್ಲಿಸ್ ನಿಲ್ಲುತ್ತಾರೆ. ನಿಂತು ಕಾಡಿನತ್ತ ನೋಡುತ್ತಾರೆ. ಓಡಲಿ ಎಂದು ನನ್ನ ಮನಸ್ಸು ಕೂಗುತ್ತದೆ.

ಆಮೇಲೆ ಆರ್ಲಿಸ್ ತೋಳು ಕಿತ್ತುಕೊಳ್ಳುತ್ತಾರೆ. ಅಂಗಿಯ ಕೈಪಟ್ಟಿಯ ಗುಂಡಿ ಕಿತ್ತು ಹಾರುತ್ತದೆ. ಸೊಂಟ ಸವೆದ ಆ ಹೆಂಗಸು ಪೊದೆ, ಕಲ್ಲು, ಕೆಸರು ಏನೂ ನೋಡದೆ, "ಡಾಟೀ! ಡಾಟೀ!" ಎಂದು ಕಾಡೆಲ್ಲ ಒಂದಾಗುವ ಹಾಗೆ ಕಿರುಚುತ್ತಾ ಓಡುತ್ತಾರೆ. ನಾನು ಹಿಂದೆಯೇ ಓಡುತ್ತೇನೆ. ಲೋರೆನ್ ಬೈಯುತ್ತಾ, ಆದರೂ ಬಂದೂಕು ಸಿದ್ಧವಾಗಿ ಹಿಡಿದು, ಮೆಲ್ಲಗೆ ಬರುತ್ತಿದ್ದಾರೆ. ಓಡುತ್ತಲೇ ನಾನು ದೇವರಲ್ಲಿ ಒಂದೇ ಬೇಡಿಕೊಳ್ಳುತ್ತೇನೆ. ಹಕ್ಕಿ ಹಾರಲಿ. ಭರ್ರೆಂದು ಹಕ್ಕಿ ಹಾರಲಿ, ಲೋರೆನ್ ನಮ್ಮಿಬ್ಬರಿಗೂ ಬಾಯಿಗೆ ಬಂದ ಹಾಗೆ ಬೈಯಲಿ.

ಹಕ್ಕಿ ಹಾರುವುದಿಲ್ಲ. ಫರ್ ಮರದ ಬುಡದಲ್ಲಿ ಅಡ್ಡಡ್ಡ ಮಲಗಿಸಿದ ಪ್ಲಾಸ್ಟಿಕ್ ಬಕೆಟ್ಟೊಂದು ಕಾಣುತ್ತದೆ. ಅದರೊಳಗೆ ಆಮಿಷಕ್ಕಿಟ್ಟ ಕೊಳೆತ ಮೀನಿನ ನಾತ ಹೊಡೆಯುತ್ತದೆ. ಬಕೆಟ್ಟಿನ ಬಾಯಲ್ಲಿ ಡಾಟಿಯ ತಲೆಯಿದೆ, ಕುತ್ತಿಗೆಯ ಮೇಲೆ ಕಬ್ಬಿಣ. ಹಿಂದಿನ ಕಾಲುಗಳು ನೆಲ ಕೆರೆದು ಕೆರೆದು ಎಲೆಯಡಿಯ ಕರಿ ಮಣ್ಣು ಮೇಲೆ ಬಂದಿದೆ. ಸದ್ದು ಎಂಬುದೇ ಇಲ್ಲ. ನನಗೆ ಅತಿ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಅಷ್ಟು ದೊಡ್ಡ ಒದ್ದಾಟದಲ್ಲಿ ಒಂದು ಕುಂಯ್ ಎನ್ನುವ ದನಿಯೂ ಇಲ್ಲ.

"ಬೋನೂ! ಓಡಿ ಬಾರೋ!" ಎಂದು ಆರ್ಲಿಸ್ ಹಿಂದಕ್ಕೆ ಕೂಗಿ ಮಂಡಿಯೂರುತ್ತಾರೆ. ಹಗ್ಗ ಆಗಲೇ ಕೈಯಲ್ಲಿದೆ. "ನೀನು ಬಕೆಟ್ಟು ಎಳೆ," ಎಂದು ನನಗೆ ಹೇಳುತ್ತಾರೆ. ಎಳೆಯುತ್ತೇನೆ. ಡಾಟಿಯ ಕಣ್ಣು ಹೊರಬಂದಿದೆ, ನಾಲಿಗೆ ನೀಲಿಯಾಗಿದೆ. ಅದು ನನ್ನನ್ನು ನೋಡುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಮರಗಳ ನಡುವಿನಿಂದ ಲೋರೆನ್ ಬರುತ್ತಾರೆ. ಎಷ್ಟೋ ವರ್ಷದ ರೂಢಿಯಿಂದ ಬಂದೂಕಿನ ತೋಟಾ ತೆಗೆದು ಕೆಳಗಿಡುತ್ತಾರೆ. ಅಲ್ಲಿಂದ ಮುಂದಿನ ರೂಢಿ ಅವರಿಗಿಲ್ಲ. ನಾಯಿಯ ಮೇಲೆ ಬಿದ್ದು ಎರಡೂ ಕೈಯಿಂದ ಸರಳು ಹಿಡಿದು ಎಳೆಯತೊಡಗುತ್ತಾರೆ.

"ಬಾಯಿ ಬಿಡು ಲೋರೆನ್!"

ಅವರಿಗೆ ಕೇಳಿಸುವುದಿಲ್ಲ. "ಬಿಡೋ, ಬಿಡೋ, ಬಿಡೋ," ಎಂದು ಕಬ್ಬಿಣವನ್ನೇ ಬೇಡಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ನಗುತ್ತಾ ಕಲಿತದ್ದೆಲ್ಲ ತಲೆಯಿಂದ ಹಾರಿಹೋಗಿದೆ. ಸ್ಪ್ರಿಂಗಿಗೆ ಹಗ್ಗ ತೂರಿಸಲು ಅವರ ಮೊಣಕೈ ಅಡ್ಡವಾಗಿದೆ. ಆರ್ಲಿಸ್ ಅವರ ಕೈ ಮೇಲೆ ಫಟೀರೆಂದು ಬಾರಿಸುತ್ತಾರೆ. "ಸೊಂಟ ಹಿಡಿ! ಅವಳು ಅಲ್ಲಾಡದ ಹಾಗೆ ಹಿಡಿ! ಅವಳ ಜೊತೆ ಮಾತಾಡು, ನನ್ನ ಜೊತೆ ಬೇಡ!"

ಲೋರೆನ್ ನಾಯಿಯ ಸೊಂಟ ತಬ್ಬಿಕೊಳ್ಳುತ್ತಾರೆ. ಆರ್ಲಿಸ್ ಹಗ್ಗ ತೂರಿಸಿ, ಕುಣಿಕೆ ತುಳಿದು, ಎಳೆಯುತ್ತಾರೆ. ಬಳೆಗಳು ಹತ್ತಿರ ಬರುತ್ತವೆ. ಕೊಕ್ಕೆ ಮಂಜಿಗೆ ಬಿಗಿದುಕೊಂಡಿದೆ, ಬೆರಳಿಗೆ ಸಿಕ್ಕಿ ಜಾರುತ್ತದೆ. ಸ್ಪ್ರಿಂಗು ಮತ್ತೆ ಅಗಲವಾಗುತ್ತದೆ. ಡಾಟಿಯ ಕಾಲುಗಳ ಒದೆತ ನಿಧಾನವಾಗುತ್ತಿದೆ. ಒದೆಯುವಾಗಲೇ ವಾಸಿಯಿತ್ತು ಎಂದು ನನಗೆ ಅನ್ನಿಸುತ್ತದೆ. ಆರ್ಲಿಸ್ ಕಣ್ಣು ಮುಚ್ಚುತ್ತಾರೆ. ಮತ್ತೆ ತುಳಿದು, ಮತ್ತೆ ಎಳೆದು, ಹಲ್ಲು ಕಚ್ಚಿ, ಕೊಕ್ಕೆಯನ್ನು ಹೆಬ್ಬೆರಳಿಂದ ತಳ್ಳುತ್ತಾರೆ. ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕಿವಿ. ಹಗ್ಗ, ಕಾಲು, ಎಳೆತ, ಕೊಕ್ಕೆ. ಸರಳುಗಳು ಸಡಿಲವಾಗುತ್ತವೆ. ಆರ್ಲಿಸ್ ಬೋನನ್ನು ಅಗಲಿಸಿ ತಲೆಯನ್ನು ಹೊರತೆಗೆಯುತ್ತಾರೆ.

ಡಾಟಿ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಎದೆ ಏಳುತ್ತಿಲ್ಲ.

ಲೋರೆನ್‌ರ ಬಾಯಿ ತೆರೆದೇ ಇದೆ. ಆರ್ಲಿಸ್ ನಾಯಿಯ ಕುತ್ತಿಗೆ ನೆಟ್ಟಗೆ ಮಾಡಿ, ನಾಲಿಗೆ ಮುಂದಕ್ಕೆಳೆದು, ಮೂತಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಮೂಗಿಗೆ ಬಾಯಿಟ್ಟು ಊದುತ್ತಾರೆ. ಪಕ್ಕೆಲುಬು ಉಬ್ಬುತ್ತದೆ, ಇಳಿಯುತ್ತದೆ. ಮತ್ತೆ ಊದುತ್ತಾರೆ. ಕೈಯಿಟ್ಟು ಎದೆ ಮುಟ್ಟಿ ನೋಡಿ, ಮತ್ತೆ ಊದುತ್ತಾರೆ.

"ಸಾಕು ಬಿಡು, ಆರ್ಲಿಸ್," ಎನ್ನುತ್ತಾರೆ ಲೋರೆನ್. ಆ ದನಿ ನನಗೆ ಗುರುತೇ ಸಿಗುವುದಿಲ್ಲ. "ಬಿಡು. ಹೋದ್ಲು."

ಆರ್ಲಿಸ್ ತಲೆಯೆತ್ತುವುದಿಲ್ಲ. ಊದುವುದು, ನೋಡುವುದು, ಊದುವುದು. ನನಗೆ ಅಳು ಬರುತ್ತಿದೆ. ಇವರು ನಿಲ್ಲಿಸಿಬಿಟ್ಟರೆ ಏನು ಗತಿ ಎಂಬುದೊಂದೇ ಭಯ. ನಿಲ್ಲಿಸುವುದಿಲ್ಲ. ಕೊನೆಗೆ ಒಂದು ಸಲ ಅವರು ಬಾಯಿ ತೆಗೆದ ಮೇಲೂ ಪಕ್ಕೆಲುಬು ತಾನಾಗಿಯೇ ಏಳುತ್ತದೆ. ಒಡೆದ ತಿದಿಯ ಹಾಗೆ ಕರಕರ ಉಸಿರು. ನಾಯಿ ಕೆಮ್ಮುತ್ತದೆ. ಆರ್ಲಿಸ್ ಹಿಂದಕ್ಕೆ ಕುಸಿದು ಕೂತು, ಎಂಜಲು ಒರೆಸಿಕೊಂಡು, "ಕೋಟು ಕೊಡೋ, ಅವಳಿಗೆ ಚಳಿ," ಎನ್ನುತ್ತಾರೆ.

ಕೋಟಿನಲ್ಲಿ ಸುತ್ತಿ ಸರದಿಯ ಮೇಲೆ ಹೊತ್ತು ಗಾಡಿಗೆ ತಂದೆವು. ಪಶುವೈದ್ಯೆ ಚುಚ್ಚುಮದ್ದು ಕೊಟ್ಟು, ಗಂಟಲು ಊದಿದೆ, ಇವತ್ತು ಕಳೆದರೆ ಗೆದ್ದಳು ಎಂದರು. ಲೋರೆನ್‌ರ ಕೈ ಸ್ಟೇರಿಂಗ್ ಹಿಡಿಯುವ ಸ್ಥಿತಿಯಲ್ಲಿಲ್ಲದ ಕಾರಣ ನಾಯಿಯನ್ನೂ ಅವರನ್ನೂ ಆರ್ಲಿಸ್ ತಮ್ಮ ಮನೆಗೇ ಕರೆದೊಯ್ದರು.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಆರ್ಲಿಸ್‌ರ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿದೆ. ಒಲೆಯ ಮುಂದೆ ಕಂಬಳಿಯ ಮೇಲೆ ಡಾಟಿ ಮಲಗಿದೆ, ಕುತ್ತಿಗೆ ಬಾತು ತಲೆಯಷ್ಟೇ ದಪ್ಪವಾಗಿದೆ. ಆರ್ಲಿಸ್ ಪಕ್ಕದಲ್ಲಿ ಕೂತು ಬೆರಳನ್ನು ಮಾಂಸದ ತಿಳಿಸಾರಿನಲ್ಲಿ ಅದ್ದಿ ಅದ್ದಿ ನೆಕ್ಕಿಸುತ್ತಿದ್ದಾರೆ. ಲೋರೆನ್ ಕುರ್ಚಿಯಲ್ಲಿದ್ದಾರೆ. ರಾತ್ರಿ ಮಲಗಿದ ಹಾಗೆ ಕಾಣುವುದಿಲ್ಲ.

"ಆರ್ಲಿಸ್," ಎನ್ನುತ್ತಾರೆ ಅವರು. "ನಿನ್ನೆ ನಾನು ನಿನ್ನ ತೋಳು ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

"ಯಾವಾಗ ಹಿಡಿದೆ? ಹಿಡೀಲೇ ಇಲ್ವಲ್ಲ."

"ಹಿಡಿದಿದ್ದೆ."

"ನನ್ನ ತೋಳಿನ ವಿಷಯ ನಂಗೆ ಗೊತ್ತಿಲ್ವೇನೋ? ಸುಮ್ನೆ ಕಾಫಿ ಕುಡಿ."

ಲೋರೆನ್ ನನ್ನತ್ತ ತಿರುಗುತ್ತಾರೆ. "ನೀನು ಅಲ್ಲೇ ಇದ್ದೆ. ಹಿಡಿದಿದ್ದೆ ತಾನೇ?"

ಆರ್ಲಿಸ್ ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಅವರ ಅಂಗಿಯ ಕೈಪಟ್ಟಿ ಇನ್ನೂ ಗುಂಡಿಯಿಲ್ಲದೆ ಜೋಲುತ್ತಿದೆ.

"ಹಿಡಿದಿದ್ರಿ," ಎನ್ನುತ್ತೇನೆ.

ಲೋರೆನ್ ತಲೆಯಾಡಿಸುತ್ತಾರೆ. ನಾಯಿಯತ್ತ ತಿರುಗುತ್ತಾರೆ. "ಕಲ್ಲಿನ ಹಾಗೆ ನಿಂತಿದಾಳೆ ಅಂತ ನಾನು ಹೊಗಳ್ತಾ ಇದ್ದೆ," ಎನ್ನುತ್ತಾರೆ. "ಅವಳಿಗೆ ಅಲ್ಲಿ ಉಸಿರಿರಲಿಲ್ಲ. ನಾನು ನಗ್ತಾ ಇದ್ದೆ."

"ಇದನ್ನೆಲ್ಲ ಪೇಪರಲ್ಲಿ ಹಾಕಬೇಡ," ಎಂದು ಆರ್ಲಿಸ್ ನನಗೆ ಹೇಳುತ್ತಾರೆ. "ಬೇಕಾದ್ರೆ ಬೋನು ಬಿಡಿಸೋದು ಹೇಗೆ ಅಂತ ಬರಿ. ಇವನ ಹೆಸರು ಬೇಡ. ಊರವರು ಬದುಕೋಕೆ ಬಿಡಲ್ಲ."

"ಹಾಕು," ಎನ್ನುತ್ತಾರೆ ಲೋರೆನ್. "ಹೆಸರು, ಊರು, ಎಲ್ಲಾ ಹಾಕು. ನಾನು ನಕ್ಕಿದ್ದೂ ಹಾಕು. ನನ್ನಂಥೋರು ಈ ಕಾಡಲ್ಲಿ ಎಷ್ಟು ಜನ ಮೆಲ್ಲಗೆ ನಡೀತಾ ಇದಾರೋ."

ಡಾಟಿ ಕಷ್ಟಪಟ್ಟು ಒಂದು ಗುಟುಕು ನುಂಗುತ್ತದೆ, ಅದು ಗಂಟಲಲ್ಲಿ ಇಳಿಯುವುದನ್ನು ನಾವು ಮೂವರೂ ನೋಡುತ್ತೇವೆ. ಆರ್ಲಿಸ್ ಮತ್ತೆ ಬೆರಳು ಅದ್ದುತ್ತಾರೆ.

"ಹಾಗಾದ್ರೆ ಇವಳ ಹೆಸರು ಮೊದಲು ಹಾಕು," ಎನ್ನುತ್ತಾರೆ. "ಅಷ್ಟು ಹೊತ್ತು ಜೀವ ಹಿಡ್ಕೊಂಡಿದ್ದು ಇವಳು. ನಾವು ಬರೀ ಓಡಿದ್ವಿ."